ಹೈದನ್ನ ಮಡಿಕ್ಕೊಳ್ಳೋದಾ, ಮಾರೋದಾ?

ಓದುಗರ ಪ್ರಶ್ನೆ, ಆಟ ಬಲ್ಲವರ ಉತ್ತರ. ಈ ಸಂಚಿಕೆಯಲ್ಲಿ: ಬೇಸ್‌ಬಾಲ್

ಜುಲೈ ಮುಗಿಯುತ್ತ ಬಂದಂತೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸಂತೆ ಕಟ್ಟುತ್ತದೆ. ಮೂವತ್ತು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಒಂದೇ ಗಡುವು. 2025ರಲ್ಲಿ ಅದು ಜುಲೈ 31ರ ಸಂಜೆ 6 ಗಂಟೆಗೆ ಇತ್ತು, ನಮ್ಮ ಗಡಿಯಾರದಲ್ಲಿ ಆಗಸ್ಟ್ 1ರ ನಸುಕಿನ 3.30. ಮೈಸೂರು, ಮಂಡ್ಯ ಕಡೆಯಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದು ಕೂತಿವೆ: ಮೈನರ್ ಲೀಗ್‌ನಲ್ಲಿ ಇನ್ನೂ ಪಳಗುತ್ತಿರುವ ಭರವಸೆಯ ಹುಡುಗನನ್ನು (ಅಲ್ಲಿ ಅವನಿಗೆ ಪ್ರಾಸ್ಪೆಕ್ಟ್ ಅಂತ ಹೆಸರು) ಈ ವರ್ಷದ ಗೆಲುವಿಗಾಗಿ ಬಿಟ್ಟುಕೊಡಬೇಕೇ? ಆರು ಕಾಗದಗಳನ್ನು ಆರಿಸಿದ್ದೇವೆ.

ಪ್ರಶ್ನೆ: ನಮ್ಮ ಹಾಸ್ಟೆಲ್‌ನಲ್ಲಿ ಮೇಜರ್ ಲೀಗ್‌ನ ಆಟವನ್ನು ಕಂಪ್ಯೂಟರ್ ಮೇಲೆ ಆಡಿಸುತ್ತೇವೆ. ಕೊಠಡಿಗೊಂದು ತಂಡ, ಸಂಬಳ-ಕರಾರು ಎಲ್ಲ ಅಲ್ಲಿನ ನಿಯಮದಂತೆಯೇ. ನಮ್ಮ ತಂಡ ವಿಭಾಗದಲ್ಲಿ ಎರಡನೆಯದು, ಮೊದಲಿನವರಿಗಿಂತ ಮೂರು ಪಂದ್ಯ ಹಿಂದೆ. ಕೊನೆಯ ಇನಿಂಗ್ಸ್‌ನಲ್ಲಿ ಚೆಂಡೆಸೆದು ಗೆಲುವು ಕಾಯುವ ಒಳ್ಳೆಯ ಪಿಚರ್, ಅಂದರೆ ಕ್ಲೋಸರ್ ಒಬ್ಬ ಸಿಗುತ್ತಾನೆ. ಅವನ ಕರಾರು ಈ ಹಂಗಾಮಿಗೇ ಮುಗಿಯುತ್ತದೆ. ಬದಲಿಗೆ ಡಬಲ್ ಎ ಮಟ್ಟದಲ್ಲಿರುವ (ಮೈನರ್ ಲೀಗ್‌ನಲ್ಲಿ ಮೇಲಿನಿಂದ ಎರಡನೇ ಮೆಟ್ಟಿಲು) ನಮ್ಮ 20 ವರ್ಷದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಬೇಕಂತೆ. ಕೊಠಡಿಯ ನಾಲ್ವರಲ್ಲಿ ಇಬ್ಬರು ಕೊಡೋಣ ಅಂತಾರೆ, ಇಬ್ಬರು ಬೇಡ ಅಂತಾರೆ. ತೀರ್ಪು ನೀವೇ ಹೇಳಿ.
ಒಬ್ಬ ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಕೊಡಬೇಡಿ. ಕ್ಲೋಸರ್ ಬೇಡವೆಂದಲ್ಲ, ಆ ಬೆಲೆಗೆ ಬೇಡ.

ಮೊದಲು ವರ್ಷ ಎಣಿಸಿ. ಮೇಜರ್ ಲೀಗ್ ತಂಡದ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷ ತುಂಬುವ ತನಕ ಆಟಗಾರ ತಂಡದ ಸ್ವತ್ತು. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಅದು 7,60,000 ಡಾಲರ್. ಆಮೇಲಿನ ಮೂರು ವರ್ಷ ಆರ್ಬಿಟ್ರೇಷನ್. ತಂಡ ಒಂದು ಮೊತ್ತ ಹೇಳುತ್ತದೆ, ಆಟಗಾರ ಒಂದು ಹೇಳುತ್ತಾನೆ, ರಾಜಿಯಾಗದಿದ್ದರೆ ಮಧ್ಯಸ್ಥರು ಎರಡರಲ್ಲಿ ಒಂದನ್ನು ಎತ್ತಿಹಿಡಿಯುತ್ತಾರೆ, ನಡುವಿನ ಮೊತ್ತ ಹೇಳುವಂತಿಲ್ಲ. ಆರೂ ವರ್ಷ ಕಳೆದ ಮೇಲೆ ಅವನು ಫ್ರೀ ಏಜೆಂಟ್, ಯಾರು ಹೆಚ್ಚು ಕೊಟ್ಟರೆ ಅಲ್ಲಿಗೆ ಹೋಗಬಹುದು. ನಿಮ್ಮ ಹುಡುಗನ ಆರು ವರ್ಷದ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಆ ಕಡೆಯ ಕ್ಲೋಸರ್ ನಿಮಗೆ ಸಿಗುವುದು ಎರಡು ತಿಂಗಳಿಗೆ. ಗಡುವಿನ ಹೊತ್ತಿಗೆ 162 ಪಂದ್ಯಗಳಲ್ಲಿ ಹತ್ತಿರಹತ್ತಿರ 54 ಉಳಿದಿರುತ್ತವೆ, ಅದರಲ್ಲಿ ಅವನು ಎಸೆಯುವುದು 20ರಿಂದ 25 ಇನಿಂಗ್ಸ್.

ಇದನ್ನು ಗೆಲುವಿನ ಲೆಕ್ಕಕ್ಕೆ ಇಳಿಸಿ. ಕೈಗೆ ಸಿಕ್ಕ ಸಾಧಾರಣ ಬದಲಿ ಆಟಗಾರನಿಗಿಂತ ಇವನಿಂದ ಎಷ್ಟು ಗೆಲುವು ಹೆಚ್ಚು ಎಂಬುದಕ್ಕೆ ವಾರ್ ಅಂತ ಒಂದು ಅಂಕ ಇದೆ. ಅಂಥ ಶಾರ್ಟ್‌ಸ್ಟಾಪ್‌ಗಳು ಹತ್ತು ಜನ ಇದ್ದಾರೆ ಅಂದುಕೊಳ್ಳಿ. ಲೆಕ್ಕದ ಅನುಕೂಲಕ್ಕೆ, ನಾಲ್ವರು ಯಾವುದಕ್ಕೂ ಬರದೆ ಹೋಗುತ್ತಾರೆ, ನಾಲ್ವರು ವರ್ಷಕ್ಕೆ ಒಂದು ಗೆಲುವಿನ ಸಾಧಾರಣ ಆಟಗಾರರಾಗುತ್ತಾರೆ, ಇಬ್ಬರು ವರ್ಷಕ್ಕೆ ಮೂರೂವರೆ ಗೆಲುವು ತರುತ್ತಾರೆ ಎಂದಿಟ್ಟುಕೊಳ್ಳೋಣ. ಆರು ವರ್ಷಕ್ಕೆ ಗುಣಿಸಿದರೆ ಸೊನ್ನೆ, 24 ಮತ್ತು 42, ಒಟ್ಟು 66. ತಲೆಗೆ 6.6 ಗೆಲುವು. ಇವು ಬರುವುದು ಎರಡು ಮೂರು ವರ್ಷ ಬಿಟ್ಟು, ಆದ್ದರಿಂದ ಮೂರರಲ್ಲೊಂದು ಪಾಲು ಕಡಿಯಿರಿ: 4.4. ಕ್ಲೋಸರ್ ಎರಡು ತಿಂಗಳಲ್ಲಿ 0.7 ಗೆಲುವು ತಂದರೆ ಅದು ಒಳ್ಳೆಯ ಆಟವೇ. ಅವನು ಕಣಕ್ಕೆ ಇಳಿಯುವುದು ಪಂದ್ಯ ತೂಗುಯ್ಯಾಲೆಯಲ್ಲಿ ಇರುವಾಗ, ಹಾಗಾಗಿ ಅದನ್ನು ಎರಡರಷ್ಟು ಮಾಡಿ. ಅಕ್ಟೋಬರ್ ಪಂದ್ಯಗಳಿಗೆ ಇನ್ನೊಂದಿಷ್ಟು ಸೇರಿಸಿದರೂ 2 ದಾಟುವುದು ಕಷ್ಟ. 4.4 ಕೊಟ್ಟು 2 ತರುವುದು ಹೇಗೆ ನೋಡಿದರೂ ನಷ್ಟದ ಬಾಬತ್ತು. ಅಂಕಿಗಳನ್ನು ನೀವು ಬೇಕಾದಂತೆ ತಿದ್ದಿಕೊಳ್ಳಿ, ಆದರೆ ತಿದ್ದುವಾಗ ಕ್ಲೋಸರ್ ಕಡೆಗೆ ಮಾತ್ರ ಧಾರಾಳ ಬೇಡ.

ಎರಡನೆಯದು, ನೀವು ನಿಂತಿರುವ ಜಾಗ. ಮೇಜರ್ ಲೀಗ್‌ನೊಳಗೆ ಎರಡು ಲೀಗ್‌ಗಳಿವೆ. 2022ರಿಂದ ಪ್ರತಿ ಲೀಗ್‌ನಿಂದ ಆರು ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ: ವಿಭಾಗ ಗೆದ್ದ ಮೂರು, ವೈಲ್ಡ್ ಕಾರ್ಡ್‌ನ (ವಿಭಾಗ ಗೆಲ್ಲದವರಲ್ಲಿ ಮುಂದಿರುವ) ಮೂರು. ವಿಭಾಗ ಗೆದ್ದವರಲ್ಲಿ ಮೇಲಿನ ಇಬ್ಬರಿಗೆ ಮೊದಲ ಸುತ್ತಿನ ರಜೆ. ಉಳಿದವರು ಮೂರು ಪಂದ್ಯಗಳ ಚುಟುಕು ಸರಣಿ ಆಡಬೇಕು, ಅದೂ ಮೂರೂ ಪಂದ್ಯ ಮೇಲಿನ ಶ್ರೇಯಾಂಕದವರ ಅಂಗಳದಲ್ಲಿ. ಮೂರು ಪಂದ್ಯ ಹಿಂದಿರುವ ನಿಮಗೆ ವಿಭಾಗ ಸಿಕ್ಕು ರಜೆಯೂ ಸಿಗುವ ಹಾಗಿದ್ದರೆ ಕ್ಲೋಸರ್‌ಗೆ ಹೆಚ್ಚು ಕೊಡಬಹುದು. ಬರೀ ಕೊನೆಯ ವೈಲ್ಡ್ ಕಾರ್ಡ್‌ಗೆ ಓಡುತ್ತಿದ್ದರೆ ಕೈ ಬಿಗಿ ಹಿಡಿಯಿರಿ. ಇದೊಂದು ಭೇದ ನೋಡದೆ ಟ್ರೇಡ್ ಮಾಡುವವರೇ ಜಾಸ್ತಿ.

ಮೂರನೆಯದು, ಹುಡುಗ ನಿಜಕ್ಕೂ ಎಷ್ಟರವನು? ಪ್ರತಿಭೆ ಹುಡುಕುವ ಸ್ಕೌಟ್‌ಗಳು 20ರಿಂದ 80ರ ತನಕ ಅಂಕ ಕೊಡುತ್ತಾರೆ, 50 ಅಂದರೆ ಮೇಜರ್ ಲೀಗ್‌ನ ಸರಾಸರಿ. ಚೆಂಡಿಗೆ ಬ್ಯಾಟ್ ತಾಗಿಸುವುದು, ದೂರ ಹೊಡೆಯುವ ಬಲ, ಓಟ, ತೋಳು, ಫೀಲ್ಡಿಂಗ್ ಎಂಬ ಐದಕ್ಕೂ ಬೇರೆಬೇರೆ ಅಂಕ. ಇವುಗಳಲ್ಲಿ ಭವಿಷ್ಯ ಹೇಳಲು ತೀರಾ ಕಷ್ಟವಾದದ್ದು ಮೊದಲನೆಯದೇ. ನೀವು ನೋಡಬೇಕಾದ್ದು ಬ್ಯಾಟಿಂಗ್ ಸರಾಸರಿಯನ್ನಲ್ಲ, ಅದು ಮೈದಾನ ನೋಡಿ ಮೋಸ ಮಾಡುತ್ತದೆ. ಆಲ್ಬುಕರ್ಕಿ, ರೀನೋದಂಥ ಎತ್ತರದ ಊರುಗಳಲ್ಲಿ ಗಾಳಿ ತೆಳು, ಚೆಂಡು ಸುಮ್ಮನೆ ಹಾರುತ್ತದೆ. ಅದರ ಬದಲು ಅವನ ವಯಸ್ಸನ್ನು ಮಟ್ಟದ ಪಕ್ಕದಲ್ಲಿಟ್ಟು ನೋಡಿ. ಡಬಲ್ ಎ ಆಟಗಾರರಲ್ಲಿ ಹೆಚ್ಚಿನವರು 22ರಿಂದ 25ರವರು; 20ಕ್ಕೇ ಅಲ್ಲಿ ನಿಂತು ಆಡುವುದೇ ಒಂದು ಅಂಕ. ಆಮೇಲೆ ನೂರು ಸರದಿಗೆ ಎಷ್ಟು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು), ಎಷ್ಟು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲನೇ ಬೇಸ್) ನೋಡಿ. ಸ್ಟ್ರೈಕ್‌ಔಟ್ 30 ದಾಟಿದ್ದರೆ ಮೇಲಿನ ಮಟ್ಟದ ಸ್ಲೈಡರ್‌ಗಳ (ಕೊನೆಗಳಿಗೆಯಲ್ಲಿ ಪಕ್ಕಕ್ಕೆ ಜಾರುವ ಎಸೆತ) ಮುಂದೆ ಅದು ಇನ್ನೂ ಏರುತ್ತದೆ, ಆಗ ನಮ್ಮ ಲೆಕ್ಕದ 4.4 ಕುಸಿಯುತ್ತದೆ. 20ರ ಒಳಗಿದ್ದು ಹತ್ತರಷ್ಟು ವಾಕ್ ಇದ್ದರೆ ಅವನ ಹೆಸರನ್ನು ಮಾತುಕತೆಯಲ್ಲಿ ಎತ್ತಲೇಬೇಡಿ.

ನಾಲ್ಕನೆಯದು, ‘ನಮ್ಮಲ್ಲಿ ಆ ಜಾಗಕ್ಕೆ ಆಗಲೇ ಒಬ್ಬ ಇದ್ದಾನಲ್ಲ’ ಎಂಬ ವಾದ. ಕೊಡೋಣ ಅನ್ನುವ ನಿಮ್ಮ ಇಬ್ಬರು ಗೆಳೆಯರು ಇದನ್ನು ಹೇಳಿಯೇ ಹೇಳುತ್ತಾರೆ. 1990ರ ಆಗಸ್ಟ್ ಕೊನೆಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಇದನ್ನೇ ಹೇಳಿತು. ಮೂರನೇ ಬೇಸ್‌ನಲ್ಲಿ ವೇಡ್ ಬಾಗ್ಸ್ ಇದ್ದ, ಆದ್ದರಿಂದ ಡಬಲ್ ಎ ಮಟ್ಟದ ಮೂರನೇ ಬೇಸ್ ಹುಡುಗ ಜೆಫ್ ಬ್ಯಾಗ್ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟು 37 ವರ್ಷದ ರಿಲೀಫ್ ಪಿಚರ್ (ಪಂದ್ಯದ ನಡುವೆ ಬಂದು ಎಸೆಯುವವನು) ಲ್ಯಾರಿ ಆಂಡರ್ಸನ್‌ನನ್ನು ತಂದಿತು. ಆ ವರ್ಷ ಬ್ಯಾಗ್ವೆಲ್‌ನ ಸರಾಸರಿ .333 (ಹೆಚ್ಚುಕಡಿಮೆ ಮೂರು ಸರದಿಗೊಂದು ಹಿಟ್), ಹೋಮ್ ರನ್, ಅಂದರೆ ಅಂಗಳದಾಚೆ ಹೋಗುವ ಹೊಡೆತ, ಬರೀ ನಾಲ್ಕು. ಆಂಡರ್ಸನ್ 22 ಇನಿಂಗ್ಸ್ ಎಸೆದ, ಚೆನ್ನಾಗಿಯೇ ಎಸೆದ, ಬಾಸ್ಟನ್ ವಿಭಾಗವನ್ನೂ ಗೆದ್ದಿತು. ಮುಂದಿನ ಸರಣಿಯಲ್ಲಿ ಓಕ್ಲೆಂಡ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. ಆಂಡರ್ಸನ್ ಚಳಿಗಾಲದಲ್ಲಿ ಬೇರೆ ತಂಡಕ್ಕೆ ಹೋದ. ಹ್ಯೂಸ್ಟನ್ ಮಾಡಿದ್ದೇನು? ಬ್ಯಾಗ್ವೆಲ್‌ನನ್ನು ಮೊದಲನೇ ಬೇಸ್‌ಗೆ ಸರಿಸಿತು, ಅಷ್ಟೆ. ಅವನು 1991ರ ಶ್ರೇಷ್ಠ ಹೊಸ ಆಟಗಾರ, 1994ರ ಎಂವಿಪಿ (ಲೀಗ್‌ನ ಅತಿ ಮೌಲ್ಯದ ಆಟಗಾರ), ಒಟ್ಟು 449 ಹೋಮ್ ರನ್, 2017ರಲ್ಲಿ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್. ಶಾರ್ಟ್‌ಸ್ಟಾಪ್ ಆಗಿ ಬೆಳೆದವನನ್ನು ಎರಡನೇ ಬೇಸ್‌ಗೋ ಮೂರನೇ ಬೇಸ್‌ಗೋ ಸರಿಸುವುದು ಇದಕ್ಕಿಂತಲೂ ಸುಲಭ. ಜಾಗ ಇಲ್ಲ ಅನ್ನುವ ಮೊದಲು ಆ ಪ್ರಯೋಗ ಮಾಡಿದ್ದೀರಾ?

ಇದಕ್ಕೆ ಎದುರು ಮಾತೂ ಉಂಟು. 2016ರ ಜುಲೈನಲ್ಲಿ ಶಿಕಾಗೋ ಕಬ್ಸ್ 19 ವರ್ಷದ ಶಾರ್ಟ್‌ಸ್ಟಾಪ್ ಗ್ಲೇಬರ್ ಟೋರೆಸ್‌ನನ್ನು, ಜೊತೆಗೆ ಇನ್ನೂ ಮೂವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟು ಕ್ಲೋಸರ್ ಆರೊಲ್ಡಿಸ್ ಚಾಪ್‌ಮನ್‌ನನ್ನು ತಂದಿತು. ಥೇಟ್ ನಿಮ್ಮದೇ ಪ್ರಶ್ನೆ. ಆದರೆ ಕಬ್ಸ್ ತನ್ನ ವಿಭಾಗದ ಅಗ್ರಸ್ಥಾನದಲ್ಲಿತ್ತು, ನಡು ಅಂಗಳದಲ್ಲಿ ಇನ್ನೂ 22-23ರ ಹರೆಯದ ಅಡಿಸನ್ ರಸಲ್, ಹಾವಿಯೆರ್ ಬಯೆಜ್ ಇದ್ದರು, ಮತ್ತು 1908ರಿಂದ ವರ್ಲ್ಡ್ ಸೀರೀಸ್ (ಹಂಗಾಮಿನ ಕೊನೆಯ, ಕಿರೀಟದ ಸರಣಿ) ಗೆದ್ದಿರಲಿಲ್ಲ. ಆ ವರ್ಷ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ ದಣಿದಿದ್ದ ಚಾಪ್‌ಮನ್‌ಗೆ ರಾಜೈ ಡೇವಿಸ್ ಹೋಮ್ ರನ್ ಹೊಡೆದು 6-6 ಸಮ ಮಾಡಿದ. ಕೊಟ್ಟ ಬೆಲೆಯೆಲ್ಲ ಆ ಒಂದು ಹೊಡೆತಕ್ಕೆ ನೀರುಪಾಲಾಯಿತು ಅನ್ನುವಷ್ಟರಲ್ಲಿ ಒಂಬತ್ತನೆಯದನ್ನು ಅವನೇ ರನ್ ಬಿಡದೆ ಮುಗಿಸಿದ, ಮಳೆ ಬಂದು 17 ನಿಮಿಷ ಆಟ ನಿಂತಿತು, ಹತ್ತನೇ ಇನಿಂಗ್ಸ್‌ನಲ್ಲಿ ಕಬ್ಸ್ 8-7ರಿಂದ ಗೆದ್ದಿತು. ಡಿಸೆಂಬರ್‌ನಲ್ಲಿ ಚಾಪ್‌ಮನ್ ಮತ್ತೆ ಯಾಂಕೀಸ್‌ಗೇ ಹೋದ. ಟೋರೆಸ್ 2019ರಲ್ಲಿ ಅದೇ ಯಾಂಕೀಸ್‌ಗೆ 38 ಹೋಮ್ ರನ್ ಹೊಡೆದ. ಶಿಕಾಗೋದಲ್ಲಿ ಯಾರೂ ಆ ಟ್ರೇಡನ್ನು ತಪ್ಪು ಅನ್ನುವುದಿಲ್ಲ. 108 ವರ್ಷ ಕಾದವರ ಲೆಕ್ಕವೇ ಬೇರೆ, ಎರಡನೇ ಸ್ಥಾನದಲ್ಲಿರುವ ನಿಮ್ಮ ಕೊಠಡಿಯ ಲೆಕ್ಕವೇ ಬೇರೆ.

ಹಾಗಾದರೆ ಏನು ಕೊಡುತ್ತೀರಿ? ಇಲ್ಲಿ 40 ಜನರ ಪಟ್ಟಿ (ತಂಡ ಬೇರೆಯವರಿಗೆ ಬಿಡದೆ ಕಾಯ್ದಿಟ್ಟುಕೊಂಡವರ ಪಟ್ಟಿ) ತೆಗೆದು ನೋಡಿ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಸಹಿ ಹಾಕಿದ ಹುಡುಗನನ್ನು ಐದು ಹಂಗಾಮು ಕಳೆದ ಮೇಲೆ, 19 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿಗೆ ಸಹಿ ಹಾಕಿದವನನ್ನು ನಾಲ್ಕು ಹಂಗಾಮು ಕಳೆದ ಮೇಲೆ ನವೆಂಬರ್‌ನಲ್ಲಿ ಆ ಪಟ್ಟಿಗೆ ಸೇರಿಸಬೇಕು. ಸೇರಿಸದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡ 1,00,000 ಡಾಲರ್ ಕಟ್ಟಿ ಎತ್ತಿಕೊಂಡು ಹೋಗಬಹುದು. ಈ ನವೆಂಬರ್‌ನಲ್ಲಿ ಜಾಗ ಕೇಳುವ, ಆದರೆ ನೀವು ಜಾಗ ಕೊಡಲಾಗದ ಇಬ್ಬರು ಮೂವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಅವರು ನಿಮಗೆ ಹೊರೆ, 40ರ ಪಟ್ಟಿಯಲ್ಲಿ ಖಾಲಿ ಜಾಗವಿರುವ ಸೋತ ತಂಡಕ್ಕೆ ಲಾಭ. ಅವರಲ್ಲಿ ಇಬ್ಬರನ್ನು ಮುಂದಿಡಿ. ಆಗದು ಅಂದರೆ, ಇನ್ನೊಂದು ವರ್ಷ ಕರಾರಿರುವ ಕ್ಲೋಸರ್ ಇದ್ದರೆ ಮಾತ್ರ ಶಾರ್ಟ್‌ಸ್ಟಾಪ್ ಮಾತು ಎತ್ತಿ ಅನ್ನಿ. ಗಡುವಿನ ಹಿಂದಿನ ರಾತ್ರಿ ಮಾರುವವನ ಕೈಯೂ ನಡುಗುತ್ತದೆ. ಎರಡು ತಿಂಗಳ ಕ್ಲೋಸರ್ ಆಗಸ್ಟ್‌ನಲ್ಲಿ ಅವನಿಗೆ ಮೂರುಕಾಸಿಗೂ ಬಾರದ ಸರಕು.

ಪ್ರಶ್ನೆ: ಸ್ವಾಮಿ, ಬೇಬಿ ಬೆಟ್ಟದ ಜಾತ್ರೇಲಿ ಹೋರಿಕರ ಕೊಳ್ಳೋವಾಗ ನಾವು ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡಿಗೆ ನೋಡ್ತೀವಿ. ಈ ಬೇಸ್‌ಬಾಲ್‌ನೋರು 19 ವರ್ಷದ ಹೈದ ಗಂಟೆಗೆ 98 ಮೈಲಿ ವೇಗದಲ್ಲಿ ಎಸೀತಾನೆ ಅಂದ್ರೆ ಅದೇನ್ ನೋಡಿ ಬೆಲೆ ಕಟ್ತಾರೆ? ಅಂಥೋನ್ನ ಮಡಿಕ್ಕೊಳ್ಳೋದು ವಾಸಿಯೋ, ಮಾರೋದು ವಾಸಿಯೋ?
ಒಬ್ಬ ದೈಹಿಕ ಶಿಕ್ಷಕರು, ಪಾಂಡವಪುರ

ಉತ್ತರ: ಮಾಸ್ತರೇ, 98 ಮೈಲಿ ಅಂದರೆ 158 ಕಿಲೋಮೀಟರ್. ಅದು ಹೋರಿಯ ಕೊಂಬಿದ್ದಂತೆ, ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಬೆಲೆ ಕಟ್ಟುವವರು ನೋಡುವುದು ಬೇರೆ.

ಮೊದಲು ನೋಡುವುದು ಮೂರನೇ ಎಸೆತ. ವೇಗದ ಚೆಂಡು ಎಲ್ಲರಿಗೂ ಇರುತ್ತದೆ, ಸ್ಲೈಡರ್ ಹಲವರಿಗೆ. ವೇಗದ ಚೆಂಡಿನ ಕೈಬೀಸಿನಲ್ಲೇ ಹತ್ತು ಮೈಲಿ ನಿಧಾನವಾಗಿ ಬರುವ ಚೇಂಜಪ್ ಇದೆಯೇ? ಪಂದ್ಯ ಶುರುಮಾಡುವ ಪಿಚರ್ ಎದುರಾಳಿಯ ಒಂಬತ್ತೂ ಬ್ಯಾಟರ್‌ಗಳನ್ನು ಎರಡು ಮೂರು ಸುತ್ತು ಎದುರಿಸಬೇಕು. ಎರಡೇ ಬಗೆಯ ಎಸೆತ ಇದ್ದರೆ ಮೂರನೇ ಸುತ್ತಿಗೆ ಅವರು ಕಾದು ಕೂತಿರುತ್ತಾರೆ. ಆಗ ಅವನನ್ನು ರಿಲೀಫ್‌ಗೆ ದೂಡುತ್ತಾರೆ: 160-180 ಇನಿಂಗ್ಸ್ ಎಸೆಯಬೇಕಾದವನು 60-65ಕ್ಕೆ ಇಳಿಯುತ್ತಾನೆ, ಬೆಲೆಯೂ ಅದೇ ಪ್ರಮಾಣಕ್ಕೆ ಇಳಿಯುತ್ತದೆ. ಎರಡನೆಯದು ವಾಕ್. ಒಂಬತ್ತು ಇನಿಂಗ್ಸ್‌ಗೆ ಐದಕ್ಕಿಂತ ಹೆಚ್ಚು ವಾಕ್ ಕೊಡುತ್ತಿದ್ದರೆ ಕಾರಣ ಹುಡುಕಬೇಕು. ಪ್ರತಿ ಎಸೆತಕ್ಕೂ ಮುಂಗಾಲು ಬೇರೆಬೇರೆ ಜಾಗಕ್ಕೆ ಬೀಳುತ್ತಿದ್ದರೆ ತಿದ್ದಬಹುದು. ಕಾಲು ಒಂದೇ ಕಡೆ ಬಿದ್ದೂ ಚೆಂಡು ಎಲ್ಲೆಲ್ಲೋ ಹೋಗುತ್ತಿದ್ದರೆ ಕಷ್ಟ.

ಮೂರನೆಯದು ಮೊಣಕೈ, ಎಲ್ಲಕ್ಕಿಂತ ದೊಡ್ಡ ಚಿಂತೆ. ಮೊಣಕೈಯ ಒಳಬದಿಯಲ್ಲಿ ತೋಳಿನ ಮೂಳೆಯನ್ನು ಮುಂಗೈ ಮೂಳೆಗೆ ಬಿಗಿದಿರುವ ಒಂದು ಅಸ್ಥಿಬಂಧ ಇದೆ. ಎಸೆತದಲ್ಲಿ ಕೈ ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುವ ಕ್ಷಣದಲ್ಲಿ ಪೂರ್ತಿ ಎಳೆತ ಅದರ ಮೇಲೆ. ವೇಗ ಏರಿದಷ್ಟೂ ಎಳೆತ ಏರುತ್ತದೆ, ಸ್ನಾಯುವನ್ನು ಬೆಳೆಸಿದಂತೆ ಅಸ್ಥಿಬಂಧವನ್ನು ಬೆಳೆಸಲಾಗದು. ಹರಿದರೆ ಮುಂಗೈಯಿಂದಲೋ ತೊಡೆಯಿಂದಲೋ ಸ್ನಾಯುರಜ್ಜು ತೆಗೆದು, ಮೂಳೆಗಳಲ್ಲಿ ತೂತು ಕೊರೆದು ಹೆಣೆಯುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ, ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು. ಅವನು 1976ರಲ್ಲಿ ಮರಳಿ ಬಂದು ಆಮೇಲೆ 164 ಪಂದ್ಯ ಗೆದ್ದ. ಗುಣವಾಗುತ್ತದೆ ನಿಜ, ಆದರೆ 12ರಿಂದ 18 ತಿಂಗಳು ಹೋಗುತ್ತದೆ. 19-20ರ ಹುಡುಗನಿಗೆ ಅಂದರೆ ಎಸೆತ ಕಲಿಯುವ ಮುಖ್ಯ ವರ್ಷವೇ ಹೋದಂತೆ.

ಆದ್ದರಿಂದ ನಮ್ಮ ಮಾತು: ಕೆಳಮಟ್ಟದಲ್ಲಿರುವ ಪಿಚರ್‌ಗೆ ಯಾರಾದರೂ ಒಳ್ಳೆಯ ಬೆಲೆ ಹೇಳಿದರೆ ಮಾರಿ. ಬ್ಯಾಟ್ ಹಿಡಿದವನನ್ನು ಮಡಗಿ. ಮೈನರ್ ಲೀಗ್‌ನ ಮೇಲಿನ ಮೆಟ್ಟಿಲಾದ ಟ್ರಿಪಲ್ ಎ ತನಕ ಬಂದು, ಮೂರು ಬಗೆ ಎಸೆತವಿದ್ದು, ಮೊಣಕೈ ಗಟ್ಟಿಯಿದ್ದರೆ ಆಗ ಮಾತು ಬೇರೆ.

ಈ ಸಲಹೆ ಕೈಕೊಟ್ಟದ್ದೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1987ರ ಆಗಸ್ಟ್ 12ರಂದು ಡೆಟ್ರಾಯಿಟ್ ಟೈಗರ್ಸ್ 20 ವರ್ಷದ ಪಿಚರ್ ಜಾನ್ ಸ್ಮೋಲ್ಟ್ಸ್‌ನನ್ನು ಅಟ್ಲಾಂಟಾಗೆ ಕೊಟ್ಟು ಹಿರಿಯ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದಿತು. ಆ ವರ್ಷ ಡಬಲ್ ಎ ಮಟ್ಟದಲ್ಲಿ ಸ್ಮೋಲ್ಟ್ಸ್ ಗೆದ್ದದ್ದು 4, ಸೋತದ್ದು 10. ಅಂಕಿ ನೋಡಿದವರು ಮಾರಿದ್ದು ಸರಿಯೆಂದೇ ಹೇಳಬೇಕು. ಅಲೆಕ್ಸಾಂಡರ್ ಒಂದೂ ಸೋಲದೆ 9 ಗೆದ್ದು ತಂಡಕ್ಕೆ ವಿಭಾಗ ಗೆದ್ದುಕೊಟ್ಟ. ಮುಂದಿನ ಸರಣಿಯಲ್ಲಿ ಮಿನ್ನೆಸೋಟ ಎದುರು ತನ್ನ ಎರಡೂ ಪಂದ್ಯ ಸೋತ. ಅಟ್ಲಾಂಟಾ ಅಂಕಿ ಬಿಟ್ಟು ತೋಳು ನೋಡಿತ್ತು. ಸ್ಮೋಲ್ಟ್ಸ್ 213 ಗೆಲುವು, 154 ಸೇವ್‌ಗಳೊಂದಿಗೆ (ಕೊನೆಯಲ್ಲಿ ಬಂದು ಗೆಲುವು ಉಳಿಸಿಕೊಟ್ಟ ಪಂದ್ಯಗಳು) 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ನಡುವೆ 2000ದಲ್ಲಿ ಅವನಿಗೂ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು.

ಪ್ರಶ್ನೆ: ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಮೊಮ್ಮಗನ ಜೊತೆ ಕೂತು ಈ ಆಟ ನೋಡುವುದು ರೂಢಿಯಾಯಿತು. ಆ ಎಳೆ ಹುಡುಗರನ್ನು ಅಲ್ಲಿಂದ ಇಲ್ಲಿಗೆ ಕೊಡುತ್ತಾರಲ್ಲ, ಅವರ ಒಪ್ಪಿಗೆ ಕೇಳುವುದಿಲ್ಲವೇ?
ಓದುಗರು, ಶ್ರೀರಂಗಪಟ್ಟಣ

ಉತ್ತರ: ಕೇಳುವುದಿಲ್ಲ, ತಾಯಿ. ನಮ್ಮ ಐಪಿಎಲ್‌ನಲ್ಲಿ ಟ್ರೇಡ್ ಆಗಬೇಕಾದರೆ ಆಟಗಾರ ಒಪ್ಪಬೇಕು. ಅಲ್ಲಿ ಫೋನ್ ಬರುತ್ತದೆ, ಬಟ್ಟೆ ತುಂಬಿಕೊಂಡು ಹೊರಡಬೇಕು, ಅಷ್ಟೆ. ಬೇಡ ಅನ್ನುವ ಹಕ್ಕು ಇರುವುದು ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಸೇವೆ ಮಾಡಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇರುವವರಿಗೆ, ಇಲ್ಲವೇ ಕರಾರಿನಲ್ಲೇ ಹಾಗೆಂದು ಬರೆಸಿಕೊಂಡವರಿಗೆ. ಮೈನರ್ ಲೀಗ್‌ನ ಹುಡುಗನಿಗೆ ಎರಡೂ ಇಲ್ಲ. ಹಿರಿಯರಿಗೆ ಆ ಹಕ್ಕು 1973ರಲ್ಲಿ ಬಂತು. ಅದಕ್ಕೆ ಮುಂಚೆ ಕರ್ಟ್ ಫ್ಲಡ್ ಎಂಬ ಆಟಗಾರ 1969ರಲ್ಲಿ ತನ್ನನ್ನು ಸೇಂಟ್ ಲೂಯಿಸ್‌ನಿಂದ ಫಿಲಡೆಲ್ಫಿಯಾಗೆ ಕೊಟ್ಟದ್ದನ್ನು ಒಪ್ಪದೆ ಸುಪ್ರೀಂ ಕೋರ್ಟ್ ತನಕ ಹೋದ. 1972ರಲ್ಲಿ 5-3ರಿಂದ ಸೋತ.

ಮೈನರ್ ಲೀಗ್‌ನವರ ಸಂಬಳವೂ ಹಾಗೇ ಇತ್ತು. 2023ರ ಒಪ್ಪಂದ ಬರುವ ತನಕ ಡಬಲ್ ಎ ಆಟಗಾರನಿಗೆ ವರ್ಷಕ್ಕೆ 13,800 ಡಾಲರ್. ಒಪ್ಪಂದದ ಮೇಲೆ 30,250 ಆಯಿತು.

ಪ್ರಶ್ನೆ: ಉಳಿಸಿಕೊಂಡ ಹುಡುಗ ಪೂರ್ತಿ ತಯಾರಾಗಿದ್ದರೂ ಏಪ್ರಿಲ್ ಮೊದಲ ವಾರ ಅವನನ್ನು ಮೇಲಕ್ಕೆ ಕರೆಯದೆ, ಎರಡು ಮೂರು ವಾರ ಬಿಟ್ಟು ಕರೆಯುತ್ತಾರೆ. ಏನು ಲಾಭ?
ಒಬ್ಬ ಓದುಗರು, ಮದ್ದೂರು

ಉತ್ತರ: ಒಂದು ವರ್ಷದ ಲಾಭ. ಮೇಲೆ ಹೇಳಿದ 172 ದಿನದ ನಿಯಮ ನೆನಪಿಸಿಕೊಳ್ಳಿ. ಹಂಗಾಮು ಅದಕ್ಕಿಂತ ಹತ್ತು ಹದಿನೈದು ದಿನ ಉದ್ದ. ಅಷ್ಟು ದಿನ ತಡೆದರೆ ಆ ವರ್ಷ ‘ಪೂರ್ತಿ ವರ್ಷ’ ಆಗುವುದಿಲ್ಲ, ಆರು ವರ್ಷದ ಬದಲು ಹೆಚ್ಚುಕಡಿಮೆ ಏಳು ವರ್ಷ ಹುಡುಗ ಕೈಯಲ್ಲಿರುತ್ತಾನೆ.

ಎಲ್ಲರೂ ಹೇಳುವ ಉದಾಹರಣೆ ಕ್ರಿಸ್ ಬ್ರಯಂಟ್. 2015ರ ವಸಂತದ ತಯಾರಿ ಪಂದ್ಯಗಳಲ್ಲಿ ಒಂಬತ್ತು ಹೋಮ್ ರನ್ ಹೊಡೆದಿದ್ದ. ಆದರೂ ಫೀಲ್ಡಿಂಗ್ ಇನ್ನೂ ತಿದ್ದಬೇಕು ಎಂದು ಶಿಕಾಗೋ ಕಬ್ಸ್ ಅವನನ್ನು ಕೆಳಗೇ ಇಟ್ಟು ಏಪ್ರಿಲ್ 17ಕ್ಕೆ ಕರೆಸಿತು. ಮೊದಲ ಪಂದ್ಯದಲ್ಲಿ ಮೂರು ಸಲ ಸ್ಟ್ರೈಕ್‌ಔಟ್ ಆದ, ವರ್ಷದ ಕೊನೆಗೆ ಶ್ರೇಷ್ಠ ಹೊಸ ಆಟಗಾರ ಆದ. ಅವನ ಸೇವೆ ಆ ವರ್ಷ 171 ದಿನ. ಒಂದೇ ದಿನ ಕಡಿಮೆ! ದೂರು ಕೊಟ್ಟ, 2020ರಲ್ಲಿ ಮಧ್ಯಸ್ಥರು ಅದನ್ನು ತಳ್ಳಿಹಾಕಿದರು. 2020ರ ಬದಲು 2021ರ ಹಂಗಾಮು ಮುಗಿದ ಮೇಲೆ ಅವನು ಸ್ವತಂತ್ರನಾದ. ಅದಕ್ಕೆ ಮುಂಚೆಯೇ, 2021ರ ಜುಲೈನಲ್ಲಿ, ಕಬ್ಸ್ ಅವನನ್ನು ಇಬ್ಬರು ಎಳೆಯರಿಗಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟಿತು. ಆ ಒಂದು ದಿನದಿಂದ ಗಳಿಸಿದ ವರ್ಷವನ್ನೇ ಅದು ಮಾರಿಕೊಂಡದ್ದು.

ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದಲ್ಲಿ ಇದಕ್ಕೆ ಕಡಿವಾಣ ಬಿತ್ತು. ಶ್ರೇಷ್ಠ ಹೊಸ ಆಟಗಾರನ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವನಿಗೆ ತಡವಾಗಿ ಬಂದರೂ ಪೂರ್ತಿ ವರ್ಷದ ಸೇವೆ ಸಿಗುತ್ತದೆ. ಅಗ್ರಶ್ರೇಣಿಯ ಹುಡುಗನನ್ನು ಮೊದಲ ದಿನದಿಂದಲೇ ಆಡಿಸಿ, ಅವನು ಆ ಪ್ರಶಸ್ತಿ ಗೆದ್ದರೆ ತಂಡಕ್ಕೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಹೆಚ್ಚುವರಿ ಆಯ್ಕೆ. ಆದ್ದರಿಂದ ಈಗ ಪ್ರಾಸ್ಪೆಕ್ಟ್‌ಗಳ ಶ್ರೇಯಾಂಕದಲ್ಲಿ ಮೊದಲ ಹತ್ತು ಇಪ್ಪತ್ತರೊಳಗಿನ ಹುಡುಗನನ್ನು ತಡೆಯುವುದು ದಡ್ಡತನ. ಅದಕ್ಕಿಂತ ಕೆಳಗಿನವರಿಗೆ ಹಳೆಯ ಆಟ ಇನ್ನೂ ನಡೆಯುತ್ತಿದೆ.

ಪ್ರಶ್ನೆ: ನಾವು ಮಾರುವ ಕಡೆಯವರು ಅಂದುಕೊಳ್ಳಿ. ದೊಡ್ಡ ಆಟಗಾರನನ್ನು ಕೊಟ್ಟು ಒಬ್ಬ ಉತ್ತಮ ಹುಡುಗನನ್ನು ತರುವುದೋ, ನಾಲ್ಕು ಮಂದಿ ಸಾಧಾರಣರನ್ನೋ?
ಒಬ್ಬ ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಒಬ್ಬ ಉತ್ತಮ. ಕಣಕ್ಕಿಳಿಯುವುದು ಒಂಬತ್ತೇ ಜನ, ಸಾಧಾರಣ ನಾಲ್ವರು ಸೇರಿ ಒಂದು ಜಾಗದಲ್ಲಿ ನಿಲ್ಲಲಾರರು. ಮೊದಲು ಆ ಒಬ್ಬನನ್ನು ಗಟ್ಟಿಮಾಡಿಕೊಂಡು ಆಮೇಲೆ ಕೊಸರಿಗೆ ಕೆಳಮಟ್ಟದ ಒಬ್ಬಿಬ್ಬರನ್ನು ಕೇಳಿ. 17-18ರವರಾದರೆ ಇನ್ನೂ ಒಳ್ಳೆಯದು, ಅವರ ಬೆಲೆ ಕೊಡುವವನಿಗೂ ಗೊತ್ತಿರುವುದಿಲ್ಲ.

ಕೇಳುವವನು ಅವಸರದಲ್ಲಿದ್ದರೆ ಮಾತ್ರ ನಿಯಮ ಮುರಿಯುತ್ತದೆ. 2002ರ ಜೂನ್‌ನಲ್ಲಿ ಮಾಂಟ್ರಿಯಲ್ ತಂಡಕ್ಕೆ ಮುಂದಿನ ವರ್ಷ ತಾನೇ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಲೀಗೇ ಅದರ ಒಡೆತನ ವಹಿಸಿಕೊಂಡಿತ್ತು, ತಂಡವನ್ನೇ ಮುಚ್ಚುವ ಮಾತಿತ್ತು. ನಾಳೆಯೇ ಇಲ್ಲದವನಿಗೆ ನಾಳೆಯ ಹುಡುಗರಿಂದ ಏನಾಗಬೇಕು? ಪಿಚರ್ ಬಾರ್ಟೊಲೊ ಕೊಲೊನ್‌ಗಾಗಿ ಅದು ಕ್ಲಿಫ್ ಲೀ, ಗ್ರೇಡಿ ಸೈಜ್‌ಮೋರ್, ಬ್ರಾಂಡನ್ ಫಿಲಿಪ್ಸ್ ಮೂವರನ್ನೂ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಿತು. ಮೂವರೂ ಆಲ್ ಸ್ಟಾರ್ (ವರ್ಷದ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದವರು) ಆದರು.

ಆದರೆ ತಂದ ಮೇಲೆ ಇಟ್ಟುಕೊಳ್ಳುವ ತಾಳ್ಮೆಯೂ ಬೇಕು. 40ರ ಪಟ್ಟಿ ಸೇರಿದವನನ್ನು ಮತ್ತೆ ಮೈನರ್ ಲೀಗ್‌ಗೆ ಕಳಿಸಲು ಸಾಮಾನ್ಯವಾಗಿ ಮೂರೇ ವರ್ಷದ ಆಪ್ಷನ್. ಅದು ತೀರಿದರೆ ಮೇಲೆ ಆಡಿಸಬೇಕು, ಇಲ್ಲವೇ ಎಲ್ಲ ತಂಡಗಳ ಮುಂದೆ ಇಟ್ಟು ಕಳೆದುಕೊಳ್ಳಬೇಕು. ಫಿಲಿಪ್ಸ್‌ನ ಆಪ್ಷನ್ 2006ಕ್ಕೆ ತೀರಿತ್ತು. ಕ್ಲೀವ್‌ಲ್ಯಾಂಡ್ ಆ ಏಪ್ರಿಲ್‌ನಲ್ಲಿ ಅವನನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿ ಸಿನ್ಸಿನಾಟಿಗೆ ಬಿಟ್ಟುಕೊಟ್ಟಿತು, ಅವನ ಮೂರೂ ಆಲ್ ಸ್ಟಾರ್ ವರ್ಷಗಳು ಅಲ್ಲಿ ಬಂದವು. ಹುಡುಗನನ್ನು ತೀರಾ ಬೇಗ 40ರ ಪಟ್ಟಿಗೆ ಸೇರಿಸಿದರೆ ಆಗುವ ತೊಂದರೆ ಇದೇ: ಕಲಿಯುವ ವರ್ಷಗಳಲ್ಲೇ ಆಪ್ಷನ್ ಕರಗುತ್ತದೆ.

ಇನ್ನೊಂದು ಕಿವಿಮಾತು. ವಾಷಿಂಗ್ಟನ್ 2022ರಲ್ಲಿ ಹ್ವಾನ್ ಸೋಟೋನನ್ನು ಸ್ಯಾನ್ ಡಿಯಾಗೋಗೆ ಕೊಟ್ಟು ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಮುಂತಾದವರನ್ನು ತಂದಿತು. ಈ ಮೂವರೂ 2025ರ ಒಳಗೆ ಆಲ್ ಸ್ಟಾರ್ ಆದರು. ಅಂಥ ಆಯ್ಕೆ ಮಾಡಿದವರ ಬೆನ್ನು ತಟ್ಟಬೇಕು. ಆದರೂ 2025ರ ತನಕ ಆ ತಂಡ ಒಂದು ಹಂಗಾಮಿನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. ಸುತ್ತಲಿನ ಉಳಿದ ಜಾಗಗಳಿಗೆ ಆಳು ಇರಲಿಲ್ಲ.

ಪ್ರಶ್ನೆ: ಟ್ರೇಡ್ ಸುದ್ದಿಯಲ್ಲಿ ‘ಹೆಸರು ಆಮೇಲೆ ತಿಳಿಸಲಾಗುವ ಆಟಗಾರ’ ಅಂತ ಬರುತ್ತದೆ. ಇದೇನು, ಮದುವೆ ಮಾತುಕತೆಯಲ್ಲಿ ಹುಡುಗನನ್ನೇ ತೋರಿಸದ ಹಾಗೆ?
ಓದುಗರು, ಮಳವಳ್ಳಿ

ಉತ್ತರ: ಸಾಮಾನ್ಯವಾಗಿ ನಾಲ್ಕೈದು ಹೆಸರಿನ ಚೀಟಿ ಮೊದಲೇ ಕೈಬದಲಾಗಿರುತ್ತದೆ, ಅದರಲ್ಲಿ ಯಾರು ಅನ್ನುವುದನ್ನು ಆರು ತಿಂಗಳೊಳಗೆ ಹೇಳಬೇಕು. ಪಡೆಯುವವರಿಗೆ ಅಷ್ಟು ದಿನ ಆ ನಾಲ್ಕೈದು ಹುಡುಗರ ಆಟ ನೋಡಿ ಆರಿಸುವ ಅವಕಾಶ. ನೀವು ಕೊಡುವ ಕಡೆಯವರಾದರೆ ಚೀಟಿಯಲ್ಲಿ ಬೆಳೆಯುವ ಹುಡುಗನ ಹೆಸರು ಬರೆಯಬೇಡಿ, ಆರು ತಿಂಗಳಲ್ಲಿ ಅವನೇ ಬೆಳೆದುಬಿಡುತ್ತಾನೆ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಇದೇ ಷರತ್ತಿನ ಮೇಲೆ ಕ್ಲೀವ್‌ಲ್ಯಾಂಡ್‌ನಿಂದ ಹ್ಯಾರಿ ಚೀಟಿ ಎಂಬ ಕ್ಯಾಚರ್‌ನನ್ನು ತಂದಿತು. ಆಟ ಒಗ್ಗಲಿಲ್ಲ. ಜೂನ್‌ನಲ್ಲಿ ಬದಲಿ ಆಟಗಾರನ ಹೆಸರು ಹೇಳಬೇಕಾಗಿ ಬಂದಾಗ ಮೆಟ್ಸ್ ಹೇಳಿದ ಹೆಸರು: ಹ್ಯಾರಿ ಚೀಟಿ.